ಹದಗಾರ ಬರುವವರೆಗೆ

"ಬುದ್ಧಿ, ನಾನು ಕಲಿಸಿದ್ದೆಲ್ಲ ಎಲ್ಲಿಗೆ ಹೋಯಿತು?" ಎಂದು ಕುಮುದಿನಿ ಮಠದ ಗುರುಗಳನ್ನು ಕೇಳಿದಳು.

ಆಕೆ ಒಂದು ದೊಡ್ಡ ನೂಲಿನ ಗಿರಣಿಯಲ್ಲಿ ನೌಕರರ ತರಬೇತಿಯ ಹೊಣೆ ಹೊತ್ತ ಹಿರಿಯ ಅಧಿಕಾರಿ. ಪ್ರತಿ ಹುಣ್ಣಿಮೆಗೆ ಮಠಕ್ಕೆ ಬಂದು ಗುರುಗಳ ಮುಂದೆ ಒಂದು ಪ್ರಶ್ನೆ ಇಟ್ಟು, ಉತ್ತರ ಪಡೆದು ಹೋಗುವುದು ಆಕೆಯ ಹಲವು ವರ್ಷಗಳ ರೂಢಿ. ಈ ಸಲ ಮುಖ ಬಾಡಿತ್ತು. ಗಿರಣಿಯವರು ಬೇರೆ ಊರುಗಳಲ್ಲಿ ಮೂರು ಹೊಸ ಘಟಕ ತೆರೆಯುವವರಿದ್ದರು. ಅವನ್ನು ನಡೆಸಬಲ್ಲವರ ಹೆಸರು ಕೊಡಿ ಎಂದು ಆಕೆಯನ್ನೇ ಕೇಳಿದ್ದರು.

"ಹನ್ನೊಂದು ವರ್ಷ ಕಲಿಸಿದ್ದೇನೆ. ಎಲ್ಲರಿಗೂ ಕೆಲಸ ಬರುತ್ತದೆ. ಪರೀಕ್ಷೆ ಇಟ್ಟರೆ ಎಲ್ಲರೂ ಪಾಸು. ಆದರೆ ಒಬ್ಬರನ್ನು ನಂಬಿ ಒಂದು ಘಟಕ ಒಪ್ಪಿಸೋಣವೆಂದರೆ ಬರೆಯಲು ಒಂದು ಹೆಸರೂ ಹೊಳೆಯುತ್ತಿಲ್ಲ. ನಾನು ಏನನ್ನು ಕಲಿಸಲಿಲ್ಲ?"

ಗುರುಗಳು ನಕ್ಕರು. "ಏನನ್ನು ಕಲಿಸಲಿಲ್ಲ ಎಂದು ಕೇಳುತ್ತೀಯೆ. ನಿನಗೇ ಗೊತ್ತಿಲ್ಲದೆ ಏನನ್ನು ಕಲಿಸಿದೆ ಎಂದು ಕೇಳಬೇಕಿತ್ತು. ಕೂತುಕೋ," ಎಂದು ಕತೆ ಹೇಳತೊಡಗಿದರು.

ಒಬ್ಬ ಸಾಹುಕಾರನಿಗೆ ಹೊಳೆಯ ಈಚೆ ದಡದಲ್ಲಿ ನಾಲ್ಕು ಆಲೆಮನೆಗಳಿದ್ದವು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವುದು ನೋಡುವವರಿಗೆ ಸುಲಭ. ಗಾಣ ತಿರುಗುತ್ತದೆ, ಒಲೆ ಉರಿಯುತ್ತದೆ, ಕೊಪ್ಪರಿಗೆ ಕುದಿಯುತ್ತದೆ. ಕಷ್ಟವಿರುವುದು ಕಡೆಯ ಗಳಿಗೆಯಲ್ಲಿ. ಪಾಕ ಹದಕ್ಕೆ ಬಂದಾಗಲೇ ಕೊಪ್ಪರಿಗೆ ಇಳಿಸಬೇಕು. ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ. ತಡವಾದರೆ ಸೀದು ಕಪ್ಪಾಗುತ್ತದೆ. ಆ ಗಳಿಗೆಯನ್ನು ಹಿಡಿಯಬಲ್ಲವನೇ ಹದಗಾರ.

ಸಾಹುಕಾರನ ಬಳಿ ಅಂಥ ಒಬ್ಬ ಹದಗಾರನಿದ್ದ. ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಎರಡು ಬೆರಳ ನಡುವೆ ಉರುಳಿಸಿ, "ಇಳಿಸಿ" ಎಂದನೆಂದರೆ ಮುಗಿಯಿತು. ಆ ಬೆಲ್ಲದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಕೈ ಚೆನ್ನಾಗಿರುವವನನ್ನು ಕೆಲಸದಿಂದ ಎಬ್ಬಿಸಿ ಜಗಲಿಯ ಮೇಲೆ ಕೂರಿಸುವುದು ಸಾಹುಕಾರರ ಹಳೆಯ ಚಾಳಿ. ಈ ಸಾಹುಕಾರನೂ ಒಂದು ದಿನ ಅವನನ್ನು ಕರೆದ.

"ಇನ್ಮೇಲೆ ನೀನು ಒಲೆ ತಾವ ನಿಲ್ಬೇಡ ಕಣಯ್ಯ. ಆಳುಗಳಿಗೆ ಕಲ್ಸು. ಯಾರನ್ನ ಎಲ್ಲಿಗೆ ಹಾಕ್ಬೇಕು ಅನ್ನೋದೂ ನಿಂದೇಯ," ಎಂದ.

ಊರಿನವರು ಅವನ ಅದೃಷ್ಟ ಖುಲಾಯಿಸಿತು ಎಂದರು. ಅವನೂ ಹೌದೆಂದ. ಆದರೆ ಮನಸ್ಸು ಒಲೆಯ ಮುಂದೆಯೇ ಉಳಿಯಿತು. ಪಾಕದ ಹಬೆ ಮುಖಕ್ಕೆ ಹೊಡೆಯದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಆದ್ದರಿಂದ ಅವನೊಂದು ನಿಯಮ ಮಾಡಿದ. ಎಲ್ಲವನ್ನೂ ನೀವೇ ಮಾಡಿ, ಹದ ಇನ್ನೇನು ಬಂತು ಎನ್ನುವಾಗ ನನ್ನನ್ನು ಕರೆಯಿರಿ, ನಾನು ನೋಡಿದ ಮೇಲೆ ಇಳಿಸಿ ಎಂದ. ಆಳುಗಳು ಹೊಸಬರಾಗಿದ್ದಾಗ ಈ ನಿಯಮ ಬೇಕಾಗಿತ್ತು. ಎರಡು ವರ್ಷ ಕಳೆದ ಮೇಲೆ ಬೇಕಾಗಿರಲಿಲ್ಲ. ಆದರೂ ಅವನು ಅದನ್ನು ತೆಗೆಯಲಿಲ್ಲ.

ದಿನಕ್ಕೆ ಎಷ್ಟೋ ಸಲ ಆಲೆಮನೆಗಳಿಂದ ಕೂಗು ಬರುತ್ತಿತ್ತು. "ಅಣ್ಣೋ, ಹದ ಬತ್ತಾ ಅದೆ, ನೀನೇ ಒಂದ್ಸಲ ನೋಡ್ಬುಡು ಬಾ." ಆ ಕೂಗಿಗಾಗಿಯೇ ಅವನು ಜಗಲಿಯ ಮೇಲೆ ಕಿವಿ ನೆಟ್ಟು ಕೂತಿರುತ್ತಿದ್ದ. ಕೇಳಿದ ಕೂಡಲೇ ಎದ್ದು ನಡೆಯುತ್ತಿದ್ದ. ಬೆರಳ ನಡುವೆ ಪಾಕ ಉರುಳಿಸಿ "ಇಳಿಸಿ" ಎನ್ನುತ್ತಿದ್ದ. ಅಷ್ಟು ಹೇಳಿದರೆ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಒಂದು ಸಲವೂ ಹದ ತಪ್ಪಿರುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದೇನೆ ಎಂದು ಅವನು ಹಿಗ್ಗುತ್ತಿದ್ದ. ಹಾಗಾದರೆ ನಾನೇಕೆ ಹೋಗಬೇಕು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ತನಗೆ ಬೇಡವಾದ ಪ್ರಶ್ನೆಯನ್ನು ಯಾರು ತಾನೇ ಕೇಳಿಕೊಳ್ಳುತ್ತಾರೆ?

ಕಬ್ಬು ಹುಲುಸಾಗಿ ಬಂದ ಒಂದು ವರ್ಷ ಸಾಹುಕಾರ ಹೊಳೆಯಾಚೆ ಆರು ಹೊಸ ಆಲೆಮನೆ ಹೂಡಿದ. ಹದಗಾರ ತನ್ನ ಕೈಕೆಳಗೆ ಪಳಗಿದವರಲ್ಲಿ ಗಟ್ಟಿಗರನ್ನು ಆರಿಸಿ ಕಳಿಸಿದ. ತಿಂಗಳು ತುಂಬುವುದರೊಳಗೆ ದೂರು ಬಂತು. ಆರು ಕಡೆಯೂ ಬೆಲ್ಲ ಕಪ್ಪು. ಒಂದೇ ಕಡೆಯಾಗಿದ್ದರೆ ತಪ್ಪನ್ನು ಕಬ್ಬಿನ ಮೇಲೆ ಹಾಕಬಹುದಿತ್ತು.

"ಸಂಕ್ರಾಂತಿಗಂಟ ನೋಡ್ತೀನಿ. ಆಮ್ಯಾಕೆ ಆರಕ್ಕೂ ಬೀಗ ಜಡ್ದು, ನೀನು ಕಲ್ಸಿದೋರನ್ನೆಲ್ಲ ಮನೆಗೆ ಕಳಿಸ್ತೀನಿ," ಎಂದ ಸಾಹುಕಾರ.

ಹದಗಾರ ಹೊಳೆ ದಾಟಿದ. ಒಂದು ಆಲೆಮನೆಯ ಮಗ್ಗುಲಲ್ಲಿ ಮರೆಯಾಗಿ ನಿಂತು ನೋಡಿದ. ಒಲೆಯ ಮುಂದೆ ಇದ್ದವನು ಅವನ ಬಳಿಯೇ ಏಳು ವರ್ಷ ಕಲಿತವನು. ನೊರೆ ತೆಗೆದದ್ದು ಸರಿ. ಕೈಯಾಡಿಸಿದ್ದು ಸರಿ. ಪಾಕವನ್ನು ನೀರಿಗೆ ಬಿಟ್ಟು ನೋಡಿದ್ದೂ ಸರಿ. ಹದ ಇನ್ನೇನು ಬರಬೇಕು, ಆಗ ಅವನು ಒಲೆಯ ಬೆಂಕಿಯನ್ನು ಹೊರಕ್ಕೆ ಎಳೆದ. ಎಳೆದು, ಕೈಕಟ್ಟಿ, ದಾರಿಯ ಕಡೆ ಮುಖ ಮಾಡಿ ನಿಂತ. ಒಳಗಿನ ಕಾವಿಗೆ ಪಾಕ ಹದಕ್ಕೆ ಬಂತು. ಅವನು ಮತ್ತೆ ಬೆರಳಲ್ಲಿ ಉರುಳಿಸಿ ನೋಡಿದ. ಮತ್ತೆ ದಾರಿ ನೋಡಿದ. ಹದ ದಾಟಿತು. ಆಮೇಲೆ ಹೆದರಿ ಹೆದರಿ ಕೊಪ್ಪರಿಗೆ ಇಳಿಸಿದ.

ಹದಗಾರ ಮರೆಯಿಂದ ಹೊರಬಂದ. "ಬೆಂಕಿ ಎಳ್ದು ಯಾಕಪ್ಪ ನಿಂತ್ಕಂಡೆ?" ಎಂದ.

ಆಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಲ್ಲೂ ಹಂಗೇ ಅಲ್ವಾ ಅಣ್ಣ ಮಾಡ್ತಿದ್ದುದ್ದು. ಬೆಂಕಿ ಎಳ್ದು ಒಂದು ಗಳಿಗೆ ನಿಲ್ಬೇಕು. ಅಷ್ಟೊತ್ಗೆ ನೀನು ಬಂದು ಇಳಿಸಿ ಅಂತಿದ್ದೆ. ಇಲ್ಲೂ ನಿಲ್ತೀವಿ. ಯಾರೂ ಬರಾಕಿಲ್ಲ."

ಹದಗಾರನಿಗೆ ಆಗ ತಿಳಿಯಿತು. ಬೆಂಕಿ ಎಳೆಯುವುದನ್ನು ಅವನು ಯಾರಿಗೂ ಕಲಿಸಿರಲಿಲ್ಲ. ಜಗಲಿಯಿಂದ ಒಲೆಯವರೆಗೆ ಅವನು ನಡೆದು ಬರುವಷ್ಟು ಹೊತ್ತು ಪಾಕವನ್ನು ತಡೆಯಲು ಆಳುಗಳೇ ಕಂಡುಕೊಂಡ ಉಪಾಯ ಅದು. ಅವರು ಬೆಂಕಿ ಎಳೆಯುವಾಗ ಅವನು ಯಾವಾಗಲೂ ದಾರಿಯಲ್ಲಿರುತ್ತಿದ್ದ. ಎಳೆಯುವುದನ್ನು ಒಮ್ಮೆಯೂ ಕಂಡಿರಲಿಲ್ಲ; ಬಂದಾಗ ಹೊರಗಿದ್ದ ಬೆಂಕಿಯನ್ನು ಇಳಿಸುವ ಸಿದ್ಧತೆ ಎಂದುಕೊಂಡಿದ್ದ. ಮೊದಲಿನವರನ್ನು ನೋಡಿ ಆಮೇಲಿನವರು ಕಲಿತರು. ಕಡೆಗೆ ಅದೇ ಕಸುಬಿನ ಒಂದು ಭಾಗವಾಯಿತು.

ಅವನ ತಲೆಗೆ ಮೊದಲು ಬಂದ ಉಪಾಯ ಬಹಳ ಸುಲಭದ್ದು. ಇಲ್ಲೇ ಉಳಿದುಬಿಡುವುದು. ಆರು ಒಲೆಗೂ ಓಡಾಡುವುದು. ವಾರದೊಳಗೆ ಬೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ದಿನವೆಲ್ಲ ಕೂಗುತ್ತಾರೆ. ಹಾಗೆಂದುಕೊಂಡ ಕೂಡಲೇ ಅವನ ಎದೆ ಕುಣಿಯಿತು. ಕುಣಿದ ಎದೆಯನ್ನು ಕಂಡು ಅವನಿಗೇ ನಾಚಿಕೆಯಾಯಿತು.

ಎಲ್ಲರನ್ನೂ ಸೇರಿಸಿ ಹೇಳಿದ: "ನಾಳೆಯಿಂದ ಯಾರೂ ಬೆಂಕಿ ಎಳೀಬ್ಯಾಡಿ. ಹದ ಕಂಡೋನೇ ಇಳಿಸಿ ಅನ್ಬೇಕು. ನಾನು ಬರಾಕಿಲ್ಲ. ಎರಡು ದಡಕ್ಕೂ ಇದೇ ಮಾತು."

ಹೇಳಿದ್ದು ಒಂದು ಉಸಿರಿನಲ್ಲಿ. ಅದನ್ನು ನಡೆಸುವುದು ಉಸಿರು ಕಟ್ಟಿಸಿತು. ಮರುದಿನ ಈಚೆ ದಡಕ್ಕೆ ಮರಳಿ ಜಗಲಿಯ ಮೇಲೆ ಕೂತವನಿಗೆ ಗಾಳಿಯಲ್ಲಿ ಪಾಕದ ವಾಸನೆ ಬಂತು. ಈಗ ನೊರೆ ಇಳಿಯಿತು, ಈಗ ಗಟ್ಟಿಯಾಯಿತು, ಈಗ ಹದ ಎಂದು ಮೂಗೇ ಹೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಅವನು ಎದ್ದು ಅರ್ಧ ದಾರಿ ಹೋದ. ಅಲ್ಲೇ ನಿಂತ. ತಿರುಗಿ ಬಂದ. ಬೆರಳುಗಳು ತಾವಾಗಿಯೇ ಒಂದನ್ನೊಂದು ಉಜ್ಜುತ್ತಿದ್ದವು.

ಹೆಂಡತಿಗೆ ನೋಡಲಾಗಲಿಲ್ಲ. "ಹಿಂಗೆ ಒದ್ದಾಡೋ ಬದ್ಲು ಹೋಗಿ ಒಂದು ಮಾತು ಹೇಳ್ಬಾರ್ದಾ?" ಎಂದಳು.

"ಹೋದ್ರೆ ಅವರು ಸಾಯೋಗಂಟ ದಾರಿ ನೋಡ್ತಾರೆ ಕಣೆ," ಎಂದ.

ಮೊದಲ ದಿನ ಮೂರು ಕೊಪ್ಪರಿಗೆ ಸೀದವು. ಆಮೇಲೆ ಒಂದು. ಆಮೇಲೆ ಹದಕ್ಕೆ ಮುಂಚೆಯೇ ಇಳಿಸಿ ಇನ್ನೆರಡು ಕೆಟ್ಟವು. ಸಾಹುಕಾರ ಬೈದ. ಹದಗಾರ ಬೈಸಿಕೊಂಡ. ಸಂಕ್ರಾಂತಿಗೆ ಇನ್ನೂ ದಿನಗಳಿರುವಾಗಲೇ ಹೊಳೆಯಾಚೆಯಿಂದ ಹೊಸ ಬೆಲ್ಲ ಬಂತು. ಅವನು ಒಂದು ಅಚ್ಚು ಮುರಿದು ನೋಡಿದ. ಒಳಗೂ ಹೊರಗೂ ಒಂದೇ ಬಣ್ಣ. ಬಾಯಿಗೆ ಹಾಕಿಕೊಂಡ. ತಾನೇ ಇಳಿಸಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿರಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಬೀಗ ಬೀಳಲಿಲ್ಲ. ಕಲಿತವರಲ್ಲಿ ಒಬ್ಬನೂ ಮನೆಗೆ ಹೋಗಲಿಲ್ಲ.

ಅಂದಿನಿಂದ ಆಲೆಮನೆಗಳಲ್ಲಿ ಬೇರೆ ಬೇರೆ ದನಿಗಳು "ಇಳಿಸಿ" ಎನ್ನುತ್ತಿದ್ದವು. ಜಗಲಿಗೆ ಅದು ಕೇಳುತ್ತಿತ್ತು. ಅವನನ್ನು ಯಾರೂ ಕರೆಯಲಿಲ್ಲ. ಅವನು ಕಲಿಸಿದ್ದು ಗೆದ್ದಿತ್ತು, ಅದರ ಸಂತೋಷ ಅವನಿಗೆ ನಿಜವಾಗಿಯೂ ಇತ್ತು. ಆದರೂ ಪಾಕದ ವಾಸನೆ ಬಂದಾಗಲೆಲ್ಲ ಅವನು ಕುತ್ತಿಗೆ ಎತ್ತಿ ಕೇಳುತ್ತಿದ್ದ. ಒಂದೇ ಒಂದು ಸಲ ಕರೆದಾರು ಎಂಬ ಆಸೆ ಬದುಕಿರುವವರೆಗೂ ಅವನನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕುಮುದಿನಿಯ ಕಣ್ಣು ತುಂಬಿತ್ತು. "ಗೊತ್ತಾಯಿತು ಬುದ್ಧಿ. ನಮ್ಮ ಗಿರಣಿಯಲ್ಲೂ ಎಷ್ಟೇ ಸಣ್ಣ ತೀರ್ಮಾನವಾಗಲಿ, ನನ್ನ ಮೇಜಿಗೆ ಬಾರದೆ ಮುಂದೆ ಹೋಗುವುದಿಲ್ಲ. ನಾಳೆಯೇ ಅದನ್ನು ನಿಲ್ಲಿಸುತ್ತೇನೆ. ಯಾರಿಗೆ ಯಾವ ಘಟಕ ಒಪ್ಪಿಸಬಹುದು ಎಂದು ಪಟ್ಟಿ ಮಾಡುತ್ತೇನೆ. ಮುಂದಿನ ಹುಣ್ಣಿಮೆಗೆ ತರುತ್ತೇನೆ, ನೀವು ಒಮ್ಮೆ ನೋಡಿಬಿಡಿ," ಎಂದಳು.

"ತರಬೇಡ ತಾಯಿ," ಎಂದರು ಗುರುಗಳು. "ಹುಣ್ಣಿಮೆಯ ದಿನ ನಾನು ಬಾಗಿಲ ಕಡೆಯೇ ನೋಡುತ್ತಿರುತ್ತೇನೆ, ಆದರೂ ನೀನು ಬರಬೇಡ."

ಕುಮುದಿನಿ ಕಾಲಿಗೆ ನಮಸ್ಕರಿಸಿ, ಬಾಗಿಲು ದಾಟಿದಳು.