ಬರ್ತೀವಿ ದಿಣ್ಣೆ

ಗ್ರೀಸ್ ದೇಶದ ದಕ್ಷಿಣ ಕಡಲಿನಲ್ಲಿರುವ ನಮ್ಮ ದ್ವೀಪಕ್ಕೆ ಬಂದವರಿಗೆ ದ್ರಾಕ್ಷಿತೋಟಗಳ ನಡುವೆ ಬೂದುಬಣ್ಣದ ಒಂದು ದಿಣ್ಣೆ ಕಾಣುತ್ತದೆ. ಅದರೊಳಗೆ ಒಂದು ಊರೇ ಇದೆ. ಎರಡಂತಸ್ತಿನ ಮನೆಗಳು, ಕಲ್ಲು ಹಾಸಿದ ಬೀದಿ, ನಿನ್ನೆ ಮೊನ್ನೆ ಬರೆದಂತಿರುವ ಗೋಡೆಚಿತ್ರಗಳು. ಜ್ವಾಲಾಮುಖಿ ಸುರಿದ ಬೂದಿಯೇ ಅವನ್ನು ಸಾವಿರಾರು ವರ್ಷ ಕಾಪಾಡಿತು. ಅರಮನೆಗಳಿದ್ದ ದೊಡ್ಡ ದೊಡ್ಡ ಊರುಗಳಲ್ಲಿಯೂ ಇಂಥ ಚಿತ್ರ ಉಳಿದಿಲ್ಲ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ, ಯಾಕೆ ಹೇಳಿಕೊಳ್ಳಬಾರದು? ಆದರೆ ನಮ್ಮ ಜನ ಇದನ್ನು ಬೂದಿದಿಣ್ಣೆ ಎನ್ನುವುದಿಲ್ಲ, ಬರ್ತೀವಿ ದಿಣ್ಣೆ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಊರಿನಲ್ಲಿ ಒಂದು ಪದ್ಧತಿ ಇತ್ತಂತೆ. ಮನೆಯನ್ನು ಶಾಶ್ವತವಾಗಿ ಬಿಟ್ಟು ಹೋಗುವವರು ಗೋಡೆಯ ಚಿತ್ರಕ್ಕೆ ಸುಣ್ಣ ಬಳಿದೇ ಹೊರಡಬೇಕು. ಚಿತ್ರ ಉಳಿದರೆ ಹೋದವರ ಮನಸ್ಸು ಅದರಲ್ಲೇ ಸಿಕ್ಕಿಕೊಂಡು ಹೊಸ ನೆಲಕ್ಕೆ ಒಗ್ಗುವುದಿಲ್ಲ ಎಂಬ ನಂಬಿಕೆ. ಬಳಿಯದೆ ಹೋದರೆ ಮರಳಿ ಬರುತ್ತೇವೆಂದು ಮಾತು ಕೊಟ್ಟ ಹಾಗೆ. ಬೆಟ್ಟ ಗುಡುಗತೊಡಗಿ, ನೆಲ ನಡುಗಿ, ಮೆಟ್ಟಿಲುಗಳು ಬಿರುಕುಬಿಟ್ಟಾಗ ಊರಿನ ಯಜಮಾನ ಕುಪಾನು ಎಲ್ಲರನ್ನೂ ದೋಣಿ ಹತ್ತಿಸಲು ನಿರ್ಧರಿಸಿದ. ಸುಣ್ಣದ ಮೊದಲ ಕೈ ಯಜಮಾನನದು. ಆಮೇಲೆ ಉಳಿದ ಮನೆಗಳವರು ಬಳಿಯಬೇಕು. ಅವನು ಮಡಕೆ ಹಿಡಿದು ಅಕ್ಕ ಇದಾಯಳ ಮನೆಗೆ ಬಂದ. ಊರಿನ ಚಿತ್ರಗಳನ್ನೆಲ್ಲ ಬರೆದವಳು ಅವಳೇ. ಅವಳು ಗೋಡೆಗೆ ಅಡ್ಡ ನಿಂತಳು.

"ದಾರಿ ಬಿಡಕ್ಕ. ಗೋಡೆ ಉಳಿದ್ರೆ ಈ ಜನ ದೋಣಿ ತಿರುಗಿಸ್ಕೊಂಡು ಬಂದು ಇಲ್ಲೇ ಸಾಯ್ತಾರೆ."

"ನೀನೇ ಬಳಿ ತಮ್ಮಾ. ನೋಡ್ಕೊಂಡು ಬಳಿ," ಎಂದು ಅವಳು ಸರಿದು ನಿಂತಳು.

ಕುಪಾನು ಎಡ ತುದಿಯಿಂದ ಶುರುಮಾಡಿದ. ಬಂಡೆಗಳು ಮುಚ್ಚಿದವು, ಅವುಗಳ ಮೇಲಿನ ಕೆಂಪು ಹೂಗಳೂ ಮುಚ್ಚಿದವು. ಮುಂದೆ ಕೇಸರಿ ಹೂ ಬಿಡಿಸುವ ಹುಡುಗಿಯರ ಸಾಲು. ಮೊದಲನೆಯವಳು ಅವನ ಮಗಳು, ಎಳೆಯ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡವಳು. ಅಕ್ಕ ಅವಳನ್ನು ಬರೆದಿದ್ದಾಳೆಂದು ಕೇಳಿದ್ದ. ನೋಡುವ ಧೈರ್ಯ ಸಾಲದೆ ಈ ಕೋಣೆಗೆ ಕಾಲಿಟ್ಟಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೂ ಅಳು ನುಂಗಿಕೊಂಡ ಅದೇ ಮುಖ. ಅವನ ಕೈ ಅಲ್ಲೇ ನಿಂತಿತು. ಹೊರಗೆ ಊರಿಗೆ ಊರೇ ಕಾಯುತ್ತಿತ್ತು. ಕುಪಾನು ಬಿಕ್ಕಿ ಬಿಕ್ಕಿ ಅತ್ತ. ಮಡಕೆಯನ್ನು ನೆಲಕ್ಕಿಟ್ಟು ಹೊರಗೆ ಬಂದು, "ಯಾರೂ ಬಳಿಯೋದು ಬೇಡ. ಬರ್ತೀವಿ ಅಂತ ಹೇಳಿ ಹೊರಡಿ. ನಮ್ಮ ಕೈಲಾಗದಿದ್ರೆ ನಮ್ಮ ಮಕ್ಕಳ ಮಕ್ಕಳು ಬರ್ಲಿ," ಎಂದ. ಜನ ಗೋಡೆ ಮುಟ್ಟಿ ಹಾಗೆಯೇ ಹೇಳಿ ದೋಣಿ ಹತ್ತಿದರು. ಬೆಟ್ಟ ಸಿಡಿದದ್ದು ಆಮೇಲೆ. ಹೋದವರು ಯಾರೂ ಮರಳಲಿಲ್ಲ. ಎಷ್ಟೋ ತಲೆಮಾರು ಕಳೆದು, ಬೂದಿಯ ಮೇಲೆ ಹುಲ್ಲು ಬಂದ ಮೇಲೆ ಇಲ್ಲಿಗೆ ಬಂದು ಬಳ್ಳಿ ನೆಟ್ಟವರು ಅವರ ವಂಶದವರೇ ಎನ್ನುತ್ತಾರೆ. ಅಂದರೆ ನಾವು.

ಇಂದಿಗೂ ಆ ಗೋಡೆಯ ಎಡಭಾಗ ಬರೀ ಬಿಳುಪು. ಆ ಬಿಳುಪು ಹುಡುಗಿಯ ಮೊಣಕೈ ಹತ್ತಿರ ಬಂದು ನಿಲ್ಲುತ್ತದೆ. ಕೆಳಗೆ ಕಲ್ಲಾಗಿ ಹೋದ ಸುಣ್ಣದ ಮಡಕೆ. ಮನೆ ದುರಸ್ತಿ ನಡೆದಿತ್ತು ಅಷ್ಟೆ, ಎನ್ನುತ್ತಾರೆ ಅಗೆದು ನೋಡಿದ ಪಂಡಿತರು. ಅನ್ನಲಿ ಬಿಡಿ. ಗೋಡೆ ಮುಟ್ಟಲು ಈಗ ಯಾರನ್ನೂ ಬಿಡುವುದಿಲ್ಲ. ನಮ್ಮ ದ್ವೀಪದವರು ಹೊರಗೆ ಬರುವಾಗ ಗೋಡೆಯ ಮುಂದೆ ಅಡ್ಡ ಹಾಕಿರುವ ಕಟಕಟೆಯ ಮೇಲೆ ಕೈಯಿಟ್ಟು ಆ ಹುಡುಗಿಗೆ "ಬರ್ತೀವಿ" ಎನ್ನುತ್ತಾರೆ. "ಹೋಗ್ತೀವಿ" ಎಂದವರನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ.