ನಾಲ್ಕು ಬೆರಳು ಮೇಲೆ

ನದಿಯ ದಂಡೆಯ ಆಸ್ಪತ್ರೆಯೊಂದರಲ್ಲಿ ಧರಣೇಂದ್ರ ಎಂಬ ವೈದ್ಯರಿದ್ದರು. ಎಂಆರ್‌ಐ ತೆಗೆಯುವುದನ್ನೂ ಓದುವುದನ್ನೂ ಕಲಿಸುತ್ತಿದ್ದರು. ಮಂದಾಕಿನಿ ಅವರ ಶಿಷ್ಯೆ.

ಒಂದು ಮಧ್ಯಾಹ್ನ ಪರಸಪ್ಪ ಎಂಬ ಕುಸ್ತಿಯಾಳು ಮೊಣಕೈ ನೋವೆಂದು ಬಂದ. ಮಂದಾಕಿನಿ ಅವನನ್ನು ಬೋರಲು ಮಲಗಿಸಿ, ಬಲಗೈಯನ್ನು ತಲೆಯ ಮುಂದಕ್ಕೆ ಚಾಚಿಸಿ, ಚಿತ್ರ ಹಿಡಿಯುವ ಕಾಯಿಲನ್ನು ಮೊಣಕೈಗೆ ಸುತ್ತಿದಳು.

"ನೋವು ಕೀಲಿನಾಗ ಅಷ್ಟ ಅಲ್ರಿ. ನಾಕು ಬೆರಳ ಮ್ಯಾಲೂ ಐತ್ರಿ," ಎಂದ ಅವನು.

"ಅಲುಗಾಡಬೇಡಿ. ಚಿತ್ರ ಕೆಡುತ್ತದೆ."

ಚಿತ್ರ ಸ್ವಚ್ಛವಾಗಿ ಬಂತು. ಮೂರು ಮೂಳೆ ಕೂಡುವ ಜಾಗ, ಒಳಬದಿಯಲ್ಲಿ ಅರ್ಧ ಹರಿದ ಲಿಗಮೆಂಟು, ಎಲ್ಲ ಕಂಡಿತು. ಮೇಲಂಚಿನಲ್ಲಿ, ತೋಳಿನ ಮೂಳೆಯೊಳಗೆ, ಒಂದಿಷ್ಟು ಬಿಳುಪು. ಕಾಯಿಲಿನ ಹಿಡಿತ ಮುಗಿಯುವಲ್ಲಿ ಯಂತ್ರ ಅಂಥ ಸುಳ್ಳು ಬಿಳುಪು ತೋರಿಸುವುದುಂಟು. ಅವಳು ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಆರು ತಿಂಗಳಿಗೆ ಅವನು ಮತ್ತೆ ಬಂದ. ತೋಳು ಊದಿತ್ತು. ಮೂಳೆಯ ಕ್ಯಾನ್ಸರ್. ಕೈ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಶಸ್ತ್ರವೈದ್ಯರು.

ಮಂದಾಕಿನಿ ಹಳೆಯ ಚಿತ್ರವನ್ನೂ ವರದಿಯನ್ನೂ ಗುರುಗಳ ಮುಂದಿಟ್ಟಳು. ಅವರು ಮೇಲಂಚಿನ ಬಿಳುಪನ್ನು ತೋರಿಸಿದರು.

"ಇದು ಕಣ್ಣಿಗೆ ಬಿದ್ದಿತ್ತಾ?"

"ಬಿದ್ದಿತ್ತು ಸರ್. ಯಂತ್ರದ್ದು ಅಂದುಕೊಂಡೆ."

"ಅಲ್ಲವೋ ಹೌದೋ ತಿಳಿಯಲು ಏನು ಮಾಡಬೇಕಿತ್ತು?"

"ಕಾಯಿಲನ್ನು ಮೇಲಕ್ಕೆ ಸರಿಸಿ ಇನ್ನೊಮ್ಮೆ ತೆಗೆಯಬೇಕಿತ್ತು. ಹತ್ತು ನಿಮಿಷ." ಅವಳ ದನಿ ಸಣ್ಣದಾಯಿತು. "ಹೊರಗೆ ಇನ್ನೂ ಏಳು ಜನ ಕಾಯುತ್ತಿದ್ದರು."

ಧರಣೇಂದ್ರರು ವರದಿಯ ಕೊನೆಗೆ ಬೆರಳಿಟ್ಟರು. ಅಲ್ಲಿ ಅವರ ಸಹಿ ಇತ್ತು.

"ನಾನು ಚಿತ್ರ ತೆರೆದು ನೋಡಲೇ ಇಲ್ಲ. ನೀನು ಬರೆದದ್ದನ್ನು ಓದಿ ಸಹಿ ಹಾಕಿದೆ. ನಡೆ, ಅವನ ಹತ್ತಿರ ಹೋಗೋಣ."

"ಸರ್, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಆಗಲೇ ಹಿಡಿದಿದ್ದರೂ ಕೈ ಹೋಗುತ್ತಿತ್ತೇನೋ."

ಅವರು ಆಗಲೇ ಬಾಗಿಲು ದಾಟಿದ್ದರು.

ವಾರ್ಡಿನಲ್ಲಿ ಪರಸಪ್ಪ, ಕೈ ತೆಗೆಯುವ ಮೊದಲೇ, ಎಡಗೈಯಿಂದ ರೊಟ್ಟಿ ಮುರಿಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಧರಣೇಂದ್ರರು ಅವನ ಮುಂದೆ ನಿಂತೇ ನಡೆದದ್ದನ್ನು ಹೇಳಿದರು. ಬಿಳುಪು, ಹತ್ತು ನಿಮಿಷ, ತಮ್ಮ ಸಹಿ. ಏನೂ ಬಿಡಲಿಲ್ಲ.

ಅವನು ರೊಟ್ಟಿಯನ್ನು ತಟ್ಟೆಯಲ್ಲಿಟ್ಟ.

"ಆವಾಗ ಗೊತ್ತಾಗಿದ್ರ ಕೈ ಉಳೀತಿತ್ತೇನ್ರಿ?"

ಮಂದಾಕಿನಿ ಏನೋ ಹೇಳಲು ಹೋದಳು. ಗುರುಗಳು ಕೈಯೆತ್ತಿ ತಡೆದರು.

"ಉಳೀತಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು ಪರಸಪ್ಪ. ಹೇಳಲಾಗದ ಹಾಗೆ ಮಾಡಿದವರು ನಾವು."