ಗಡಿಯೊಳಗಿನ ಕಡಲು

ವೈಶಾಖದ ಬಿರುಗಾಳಿ ಹಾದುಹೋದ ಐದನೆಯ ದಿನ. ಹೊಳೆಯ ದಂಡೆಯಲ್ಲಿದ್ದ ಮಠದ ಒಡ್ಡು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತ್ತು. ಅದನ್ನು ಮತ್ತೆ ಕಟ್ಟಿಸುವ ಹೊಣೆ ಹೊತ್ತ ಶಿಷ್ಯ ನರಹರಿ, ಈ ಸಲ ಅದನ್ನು ಎರಡಾಳೆತ್ತರಕ್ಕೆ ಏರಿಸಲು ನಿಶ್ಚಯಿಸಿದ್ದನು. ಹಾಗೆ ಏರಿಸಿದರೆ ಉಬ್ಬರದ ನೀರೆಲ್ಲ ಎದುರುದಂಡೆಯ ಊರಿಗೆ ತಿರುಗುವುದೆಂದು ಕೆಲಸದವರು ಹೇಳಿದ್ದರು. ಅದು ಆ ಊರಿನವರ ಚಿಂತೆ ಎಂದು ಅವನು ಉತ್ತರಿಸಿದ್ದನು. ಅಂದು ಸಂಜೆ ಅವನು ಗುರುಗಳ ಬಳಿ ಕುಳಿತು ಬೇರೊಂದು ಮಾತನ್ನು ಕೇಳಿದನು.

“ಗುರುಗಳೇ, ಕಡಲಿನ ಮೇಲೆ ತೇಲುವ ವಸ್ತುಗಳನ್ನು ಹಾಸಿ ಬಿರುಗಾಳಿಯ ಬಲವನ್ನು ಕುಗ್ಗಿಸಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರಂತೆ. ಅಷ್ಟು ದೊಡ್ಡದರ ಮುಂದೆ ಮನುಷ್ಯನು ಹಾಸಿದ್ದು ಏನು ಮಾಡೀತು?”

ಗುರುಗಳು ಒಡೆದ ಒಡ್ಡಿನ ಕಡೆಗೊಮ್ಮೆ ನೋಡಿ ಈ ಕತೆಯನ್ನು ಹೇಳಿದರು.

ಹೊಳೆಯೊಂದು ಕಡಲನ್ನು ಸೇರುವ ಅಳಿವೆಯ ಎರಡು ಬದಿಗಳಲ್ಲಿ ಮೀನುಗಾರರ ಎರಡು ಊರುಗಳಿದ್ದವು. ಗಾಳಿ ಎದ್ದಾಗ ಎರಡೂ ಊರಿನ ದೋಣಿಗಳಿಗೆ ಆ ಅಳಿವೆಯೊಂದೇ ಆಶ್ರಯ. ಆದರೆ ಕಡಲನ್ನು ಮಾತ್ರ ಅವರು ಪಾಲು ಮಾಡಿಕೊಂಡಿದ್ದರು. ದಡದ ತಾಳೆಮರಗಳನ್ನು ಗುರುತಾಗಿಟ್ಟು, ಇಷ್ಟು ನೀರು ನಮ್ಮದು, ಅಷ್ಟು ನೀರು ನಿಮ್ಮದು ಎಂದು ಗಡಿ ಹಾಕಿದ್ದರು. ಗಡಿ ಮೀರಿ ಬೀಸಿದ ಬಲೆಯನ್ನು ಕೊಯ್ದುಹಾಕುವುದು ಅಲ್ಲಿಯ ರೂಢಿ.

ತೆಂಕಣ ಊರಿನಲ್ಲಿ ಒಬ್ಬ ಮುದಿ ಬಲೆಗಾರನಿದ್ದನು. ತನ್ನ ಒಬ್ಬಳೇ ಮಗಳನ್ನು ಬಡಗಣ ಊರಿನ ದೋಣಿಯವನೊಬ್ಬನಿಗೆ ಕೊಟ್ಟಿದ್ದನು. ಬಹುಕಾಲ ದೂರದ ಕಡಲಿನಲ್ಲಿ ತಿರುಗಿದ ಆ ಮುದುಕನು ಒಂದು ಸಂಗತಿಯನ್ನು ಕಂಡುಕೊಂಡಿದ್ದನು. ಎರಡು ದಿನದ ಹಾದಿಯಾಚೆ ನೀರು ಸ್ನಾನದ ಹಂಡೆಯಂತೆ ಬಿಸಿಯೇರುವ ಒಂದೆಡೆಯಿದೆ. ಬಿರುಗಾಳಿ ಆ ಬಿಸಿಯನ್ನು ಉಂಡು ಬೆಳೆಯುತ್ತದೆ. ಅಲ್ಲಿಯೂ ತೇಲಿಬಂದ ತೆಂಗಿನ ಗರಿಗಳ ಕೆಳಗೆ ಕೈಯದ್ದಿದರೆ ನೀರು ತಂಪು.

ಹಿಂದಿನ ವರ್ಷದ ಗಾಳಿಗೆ ಒಂಬತ್ತು ದೋಣಿಗಳು ಹೋಗಿದ್ದವು. ಆದುದರಿಂದ ಅವನು ಊರಿನ ಹಿರಿಯನಾದ ಗುರಿಕಾರನಲ್ಲಿಗೆ ಹೋಗಿ, ಮನೆಯ ಮಾಡಿಗೆ ಹೊದಿಸಲು ಹೆಣೆದಿಟ್ಟ ತೆಂಗಿನ ಗರಿಯ ಮಡಲುಗಳನ್ನೆಲ್ಲ ಎರಡೂ ಊರಿನವರು ಕೂಡಿ ಒಯ್ದು ಆ ಬಿಸಿನೀರಿನ ಮೇಲೆ ಹಾಸೋಣವೆಂದು ಬೇಡಿದನು. ಗಾಳಿ ನಿಂತೀತೇ ಎಂದು ಗುರಿಕಾರನು ಕೇಳಿದನು. ನಿಲ್ಲುವುದಿಲ್ಲ, ಉಣಿಸು ತುಸು ಕಡಿಮೆಯಾದರೆ ಬಲವೂ ತುಸು ಕಡಿಮೆಯಾದೀತು ಎಂದನು ಬಲೆಗಾರ.

ಗುರಿಕಾರನು ನಕ್ಕನು. “ಅಣ್ಣ, ಮಗಳ ಮನೆಯ ಮಾಡು ಉಳಿಸಲು ನಮ್ಮೂರಿನ ಮಡಲು ಬೇಕಾಯಿತೇ? ಅಲ್ಲಿ ಹಾಸಿದರೆ ಆಚೆಯವರೂ ಉಳಿದುಬಿಡುತ್ತಾರಲ್ಲ.”

“ಉಳಿಯುತ್ತಾರೆ, ಗುರಿಕಾರರೇ. ನಮ್ಮ ತಾಳೆಮರದ ಗುರುತು ಗಾಳಿಗೆ ಗೊತ್ತಿಲ್ಲ.”

ಅಲ್ಲಿ ಕೂಡಿದ್ದ ಊರಿನವರೆಲ್ಲ ನಕ್ಕರು. ಆದರೂ ಅವರ ಮನಸ್ಸಿನಲ್ಲಿ ಭಯವಿತ್ತು. ಮಡಲು ಹಾಸುವುದು ಸರಿ, ಆದರೆ ನಮ್ಮ ಗಡಿಯೊಳಗೆ ಹಾಸೋಣ ಎಂದು ತೀರ್ಮಾನವಾಯಿತು. ಯಾರೂ ಜಿಪುಣತನ ಮಾಡಲಿಲ್ಲ. ಪ್ರತಿಯೊಂದು ಮನೆಯಿಂದಲೂ ಹೊಸ ಮಡಲು ಬಂದಿತು. ಹುರಿಹಗ್ಗದಿಂದ ಹೊಲಿದು, ಕಲ್ಲು ಕಟ್ಟಿ, ಊರಿನ ಮುಂದಿನ ನೀರಿಗೆಲ್ಲ ಹಾಸಿದರು. ಅದನ್ನು ಕಂಡು ಬಡಗಣದವರೂ ತಮ್ಮ ನೀರಿಗೆ ಹಾಸಿದರು. ಅಳಿವೆಯ ಸಮೀಪದಲ್ಲಾದರೂ ಬೇಡವೆಂದು ಬಲೆಗಾರನು ಎರಡೂ ಊರುಗಳಲ್ಲಿ ಬೇಡಿಕೊಂಡನು. ಒಬ್ಬರು ಬಿಟ್ಟರೆ ಇನ್ನೊಬ್ಬರು ಆ ನೀರನ್ನು ತಮ್ಮದೆಂದಾರು ಎಂಬ ಶಂಕೆಯಿಂದ ಯಾರೂ ಬಿಡಲಿಲ್ಲ.

ಎಂಟು ದಿನಗಳಲ್ಲಿ ಗಾಳಿ ಬಂದಿತು. ದೂರದಲ್ಲಿ ಹೊಟ್ಟೆತುಂಬ ಉಂಡು ಬಂದಿತು. ಕಲ್ಲಿನ ಕಟ್ಟು ಹರಿದು, ಮಡಲುಗಳೆಲ್ಲ ಎರಡೂ ಬದಿಯಿಂದ ಸುರುಳಿ ಸುತ್ತಿ ಬಂದು ಅಳಿವೆಯ ಬಾಯಿಗೆ ತುರುಕಿಕೊಂಡವು. ಆಶ್ರಯಕ್ಕೆಂದು ಧಾವಿಸಿದ ದೋಣಿಗಳಿಗೆ ಒಳಗೆ ಬರಲು ದಾರಿ ಸಿಗಲಿಲ್ಲ. ಈ ದಂಡೆಯಲ್ಲಿ ಬಲೆಗಾರನೂ ಆ ದಂಡೆಯಲ್ಲಿ ಅವನ ಮಗಳೂ ಕತ್ತಿ ಹಿಡಿದು ಎದೆಯುದ್ದದ ನೀರಿನಲ್ಲಿ ನಿಂತು ಮಡಲುಗಳನ್ನು ಕೊಯ್ದರು. ದಾರಿ ಬಿಡುವಷ್ಟರಲ್ಲಿ ದೋಣಿಗಳು ಒಡೆದಿದ್ದವು. ಅಳಿಯನ ದೋಣಿಯೂ ಅವುಗಳಲ್ಲಿತ್ತು. ಅವನು ಮರಳಲಿಲ್ಲ.

ಅನಂತರ ಎರಡೂ ಊರಿನವರು ಮಾಡು ಇಲ್ಲದ ಮನೆಗಳಲ್ಲಿ ಕುಳಿತು, ಮಡಲಿನಿಂದ ಗಾಳಿಯನ್ನು ತಡೆಯಲಾಗದೆಂಬುದು ಸಿದ್ಧವಾಯಿತು ಎಂದರು. ಆ ಒಂದು ಮಾತಿನಲ್ಲಿ ಮಾತ್ರ ಅವರಿಗೆ ಭೇದವಿರಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು. ಹಾಗಾದರೆ ಕಡಲಿಗೆ ಹಾಸುವುದು ವ್ಯರ್ಥವೆಂದೇ ಆಯಿತಲ್ಲವೇ ಎಂದು ನರಹರಿ ಕೇಳಿದನು.

“ಕಡಲಿಗೆ ಅವರು ಏನನ್ನೂ ಹಾಸಲಿಲ್ಲ, ನರಹರಿ, ಹಾಸಿದ್ದು ತಮ್ಮ ತಮ್ಮ ಅಂಗಳಕ್ಕೆ.”

ಮರುದಿನ ನರಹರಿ ಒಡ್ಡಿನ ಕೆಲಸವನ್ನು ನಿಲ್ಲಿಸಿದನು. ಅವನು ಹೊಳೆ ದಾಟಿ ಹೋಗಿ ಎದುರುದಂಡೆಯ ಹಿರಿಯರನ್ನು ಕರೆತಂದನು. ಮಳೆ ಹಿಡಿಯುವ ಮೊದಲು ಎರಡೂ ದಂಡೆಗಳಲ್ಲಿ ಒಂದೇ ಎತ್ತರದ ಒಡ್ಡು ಎದ್ದಿತು.